ಬಲಗಾಲಿನ ಸ್ಕೇಟ್

“ಹೊಸ್ತಿಲು ದಾಟಬೇಡ ಅಂದಿದ್ದೆ,” ಎಂದಳು ಅಮ್ಮ, ತಿರುಗಿಯೂ ನೋಡದೆ.

ಬುಗುರಿ ಮಂಚದ ಕೆಳಗಿಂದ ಮೆಲ್ಲಗೆ ಹಿಂದಕ್ಕೆ ತೆವಳಿ ಬಂದಳು. ಫ್ರಾಕಿನ ತುಂಬ ಧೂಳು, ಮೂಗಿನ ತುದಿಯಲ್ಲೂ ಧೂಳು. ಆದರೂ ಅವಳ ಮುಖ ಅರಳಿತ್ತು. ಕತ್ತಲಲ್ಲಿ ತಡಕಾಡಿದಾಗ ಬೆರಳಿಗೆ ತಣ್ಣಗೆ ಒಂದು ಗಾಲಿ ತಾಗಿತ್ತು. ಅದು ಯಾವುದರ ಗಾಲಿ ಎಂದು ನೋಡದೆಯೇ ಅವಳಿಗೆ ಗೊತ್ತಾಗಿತ್ತು.

“ಅಮ್ಮ, ಕಡ್ಡಿಯ ಸ್ಕೇಟು ಇಲ್ಲೇ ಇದೆ.”

“ಇರ್ಲಿ. ಅದರ ಸರದಿ ಬಂದಾಗ ತೆಗೀತೀವಿ. ನೀನು ಹೋಗಿ ಬಾಗಿಲ ಹತ್ರ ಕೂತ್ಕೋ.”

ಬುಗುರಿ ಮುಖ ಊದಿಸಿಕೊಂಡು ಹೋಗಿ ಕೂತಳು. ಬುಗುರಿ ಎನ್ನುವುದು ಅವಳ ನಿಜವಾದ ಹೆಸರೇನಲ್ಲ. ನಿಂತಲ್ಲಿ ನಿಲ್ಲದೆ ಗಿರಗಿರ ಸುತ್ತುತ್ತಾಳೆಂದು ಓಣಿಯವರು ಹಾಗೆ ಕರೆದರು, ಅದೇ ಅಂಟಿಕೊಂಡಿತು. ಅವಳ ಗೆಳತಿ ಉದ್ದಕ್ಕೆ, ತೆಳ್ಳಗೆ ಇದ್ದಳು. ಹಾಗಾಗಿ ಅವಳು ಕಡ್ಡಿ. ಇದು ಕಡ್ಡಿಯ ಮನೆ. ಅಂದರೆ, ಮೊನ್ನೆ ಮೊನ್ನೆಯವರೆಗೆ ಕಡ್ಡಿಯ ಮನೆಯಾಗಿತ್ತು.

ಕಡ್ಡಿಯ ಅಪ್ಪನಿಗೆ ಕೆಲಸ ಹೋಗಿ ಬಹಳ ಕಾಲವಾಗಿತ್ತು. ಬಾಡಿಗೆಯ ಜಗಳ ಕೋರ್ಟಿನ ತನಕ ಹೋಗಿ, ಕೊನೆಗೆ ಮನೆ ಬಿಡಬೇಕೆಂದು ಆರ್ಡರ್ ಆಯಿತು. ಇದೆಲ್ಲ ದೊಡ್ಡವರು ದನಿ ತಗ್ಗಿಸಿ ಆಡುವ ಮಾತು. ಬುಗುರಿಯ ಕಿವಿಗೆ ಅರ್ಧಂಬರ್ಧ ಬಿದ್ದಿತ್ತು. ಒಂದು ದಿನ ಕಡ್ಡಿ ಶಾಲೆಗೆ ಬರಲಿಲ್ಲ. ಜ್ವರ ಇರಬೇಕು ಅಂದುಕೊಂಡಳು ಬುಗುರಿ. ಸಂಜೆ ತನ್ನ ಸ್ಕೇಟು ಹಿಡಿದುಕೊಂಡು ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ಬಂದರೆ, ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಬೆಳಿಗ್ಗೆಯೇ ಕೋರ್ಟಿನವರು ಬಂದಿದ್ದರಂತೆ. ಅಪ್ಪ, ಅಮ್ಮ, ಕಡ್ಡಿ ಮೂವರೂ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಹೊರಟುಹೋದರಂತೆ.

ಹೇಳದೆ ಹೋಗಿಬಿಟ್ಟಳಲ್ಲ! ಬುಗುರಿಗೆ ಅಳು ಬಂದಿದ್ದು ಅದಕ್ಕೆ.

ಹಾಗೆ ಖಾಲಿ ಮಾಡಿಸಿದ ಮನೆಗಳಲ್ಲಿ ಉಳಿದ ಸಾಮಾನನ್ನು ತೆಗೆಯುವುದೇ ಅಮ್ಮನ ಕೆಲಸ. ಅಮ್ಮ ಮತ್ತು ಟೆಂಪೋ ಮಾಮ ಇಬ್ಬರೂ ಸೇರಿ ಮಾಡುತ್ತಾರೆ. ಅಮ್ಮ ಕಟ್ಟುತ್ತಾಳೆ, ಮಾಮ ಹೊರುತ್ತಾನೆ. ಊರಿನ ಎಷ್ಟೋ ಮನೆಗಳನ್ನು ಅವರು ಹೀಗೆ ಖಾಲಿ ಮಾಡಿದ್ದರು. ಆದರೆ ಬುಗುರಿಗೆ ಗೊತ್ತಿದ್ದ ಮನೆ ಇದೊಂದೇ. ಶಾಲೆಗೆ ರಜೆ ಇತ್ತು, ಗೋಗರೆದು ಜೊತೆಯಲ್ಲಿ ಬಂದಿದ್ದಳು. ಈಗ ಕೂತು ಒಂದೊಂದನ್ನೇ ನೋಡುತ್ತಿದ್ದಳು. ಕಡ್ಡಿಯ ಯೂನಿಫಾರಂ ಇನ್ನೂ ಹಗ್ಗದ ಮೇಲೆ ಹಾಗೇ ಇತ್ತು. ಅದರ ಒಂದು ತೋಳು ಒಳಗೆ ತಿರುಗಿಕೊಂಡಿತ್ತು.

ಅಷ್ಟರಲ್ಲಿ ಮನೆಯ ಓನರ್ ಏದುಸಿರು ಬಿಡುತ್ತ ಮೇಲೆ ಬಂದರು. ಇನ್ನೂ ಮುಗಿದಿಲ್ಲವೇ ಎಂದು ಕೇಳಿದರು. ನಾಳೆ ಪೇಂಟರ್ ಬರುತ್ತಾನೆ, ಇದನ್ನೆಲ್ಲ ಕಸದ ಗಾಡಿಗೆ ತುಂಬಿ ಕಳಿಸಿ, ಆ ಹೊಲಿಗೆ ಮೆಷಿನ್ ಮಾತ್ರ ಕೆಳಗೆ ನಮ್ಮನೆಯಲ್ಲಿಡಿ, ನನಗೂ ನಷ್ಟ ಆಗಿದೆಯಲ್ಲ, ಎಂದರು.

ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಳು.

“ಮನೆ ನಿಮ್ದು ಸಾರ್. ಸಾಮಾನು ಅವರ್ದು.”

“ಬಿಟ್ಟು ಹೋಗಿದಾರಲ್ಲಮ್ಮ?”

“ಬಿಟ್ಟು ಹೋದ್ರೂ ಅವರ್ದೇ. ಒಂದು ತಿಂಗಳು ಜೋಪಾನವಾಗಿ ಇಡ್ಬೇಕು, ಬಾಗಿಲಿಗೆ ನೋಟಿಸ್ ಹಚ್ಬೇಕು, ಬಂದು ಕೇಳಿದ್ರೆ ಕೊಡ್ಬೇಕು. ರೂಲ್ಸೇ ಹಾಗಿದೆ. ನಾಳೆ ಅವರು ಕೋರ್ಟಿಗೆ ಹೋದ್ರೆ ನಿಮಗೇ ತೊಂದ್ರೆ.”

ಓನರ್ ಏನೋ ಗೊಣಗಿಕೊಂಡು ಕೆಳಗಿಳಿದರು. ಟೆಂಪೋ ಮಾಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

ಅಮ್ಮನ ಕೆಲಸದ ರೀತಿಯೇ ಬೇರೆ. ಮೊದಲು ಇದ್ದದ್ದನ್ನು ಇದ್ದ ಹಾಗೇ ಫೋಟೋ ತೆಗೆಯುತ್ತಿದ್ದಳು, ಆಮೇಲೆ ಮುಟ್ಟುತ್ತಿದ್ದಳು. ಕೊಳೆತುಹೋಗುವ ತಿಂಡಿ ತರಕಾರಿ ಮಾತ್ರ ಕಸಕ್ಕೆ. ಮಿಕ್ಕಿದ್ದೆಲ್ಲ, ಹಲ್ಲು ಮುರಿದ ಬಾಚಣಿಗೆ ಕೂಡ, ಬಾಕ್ಸಿಗೆ. ಮಾತ್ರೆ, ಮನೆಯವರ ಫೋಟೋ, ಶಾಲೆಯ ಸರ್ಟಿಫಿಕೇಟು ಇವಕ್ಕೆಲ್ಲ ಒಂದು ಚಿಕ್ಕ ಬಾಕ್ಸ್ ಬೇರೆ.

“ಅಕ್ಕ, ಸೌಟಿಗೂ ಫೋಟೋ ತೆಗೀತೀಯ. ನಂದೂ ಒಂದು ತೆಗಿ, ಹೆಣ್ಣಿನ ಕಡೆಯವರಿಗೆ ಕಳಿಸೋಕೆ ಆಗುತ್ತೆ,” ಎಂದ ಮಾಮ.

“ನಿನ್ನನ್ನ ಯಾರೂ ಕ್ಲೇಮ್ ಮಾಡಲ್ಲ ಕಣೋ. ತಿಂಗಳಾದ್ಮೇಲೆ ಗುಜರಿಗೇ ಹಾಕ್ಬೇಕು,” ಎಂದಳು ಅಮ್ಮ.

ಬುಗುರಿಗೂ ನಗು ಬಂತು. ಆದರೆ ಅದೇ ಹೊತ್ತಿಗೆ ಮಾಮ ಮಂಚವನ್ನು ಎತ್ತಿ ಗೋಡೆಗೆ ಒರಗಿಸಿದ. ಸ್ಕೇಟು ಬೆಳಕಿಗೆ ಬಂತು. ನಾಲ್ಕು ಗಾಲಿ, ಒಂದು ಕಬ್ಬಿಣದ ಪಟ್ಟಿ, ಮಾಸಿದ ಕೆಂಪು ಬೆಲ್ಟು.

ಇದರ ಕತೆ ಹೇಳಿಬಿಡಬೇಕು. ಹಳೇ ಸಾಮಾನಿನ ಅಂಗಡಿಯಲ್ಲಿ ಈ ಸ್ಕೇಟ್ ಜೊತೆಯನ್ನು ಬುಗುರಿ ಮತ್ತು ಕಡ್ಡಿ ಸೇರಿ ಕೊಂಡಿದ್ದರು. ಕೊಂಡ ದಿನವೇ ಜುಟ್ಟು ಹಿಡಿದು ಜಗಳ. ಯಾರ ಮನೆಯಲ್ಲಿಡುವುದು? ಕಡ್ಡಿಯ ಅಮ್ಮ ಬಟ್ಟೆ ಹೊಲಿಯುತ್ತಿದ್ದರು, ಓಣಿಯ ಮಕ್ಕಳಿಗೆಲ್ಲ ಅವರು ಟೈಲರ್ ಆಂಟಿ. ಅವರು ಮೆಷಿನ್ ನಿಲ್ಲಿಸಿ ಎದ್ದು ಬಂದು, ಎಡಗಾಲಿನದನ್ನು ಬುಗುರಿಯ ಕೈಗೆ, ಬಲಗಾಲಿನದನ್ನು ಕಡ್ಡಿಯ ಕೈಗೆ ಇಟ್ಟು, ಹೋಗಿ ಆಡಿಕೊಳ್ಳಿ ಎಂದುಬಿಟ್ಟರು.

ಒಂದು ಸ್ಕೇಟಿನಲ್ಲಿ ಏನಾಡುವುದು? ಆದರೂ ಆಡಿದರು. ಬುಗುರಿ ಎಡಗಾಲಿಗೆ ಕಟ್ಟಿಕೊಂಡಳು, ಕಡ್ಡಿ ಬಲಗಾಲಿಗೆ. ಇಬ್ಬರೂ ಕೈ ಕೈ ಹಿಡಿದು, ಬರಿಗಾಲಿನಿಂದ ನೆಲ ತಳ್ಳುತ್ತ, ಹಾಲಿನ ಬೂತಿನ ಹಿಂದಿನ ಇಳಿಜಾರಿನಲ್ಲಿ ಜರ್ರನೆ ಇಳಿದರು. ಆ ದಿನದಿಂದ ಅದೇ ಆಟ. ಒಬ್ಬಳು ಬರದಿದ್ದರೆ ಇನ್ನೊಬ್ಬಳಿಗೂ ಆಟವಿಲ್ಲ. ಜಗಳವಾಡಿದ ದಿನವೂ ಸಂಜೆಗೆ ರಾಜಿಯಾಗಲೇಬೇಕಿತ್ತು.

“ಅಮ್ಮ, ಅದು ನಮ್ಮಿಬ್ಬರದ್ದು. ನಾನು ತಗೊಂಡು ಹೋಗ್ಲಾ?”

ಅಮ್ಮ ಸ್ಕೇಟಿನ ಫೋಟೋ ತೆಗೆದಳು. “ನಿಂದು ಯಾವ್ದು?”

“ಎಡಗಾಲಿಂದು.”

“ಎಲ್ಲಿದೆ?”

“ನಮ್ಮನೇಲಿ.”

“ಹಾಗಾದ್ರೆ ಇದು ಅವಳ್ದು. ಅವಳು ಬಂದು ತಗೋತಾಳೆ.”

“ಅಮ್ಮ, ನಾನು ನಿನ್ನ ಮಗಳು.”

“ಗೊತ್ತು ಕಣೇ,” ಎಂದಳು ಅಮ್ಮ. ಆಮೇಲೆ ಸ್ಕೇಟನ್ನು ಕಡ್ಡಿಯ ಯೂನಿಫಾರಂನಲ್ಲಿ ಸುತ್ತಿ ಬಾಕ್ಸಿನಲ್ಲಿಟ್ಟಳು. ಅಮ್ಮನ ಮನಸ್ಸು ಕಲ್ಲು ಅನ್ನಿಸಿತು ಬುಗುರಿಗೆ.

ಅಮ್ಮ ಬಾಕ್ಸಿಗೆ ಟೇಪು ಎಳೆದು ಅಂಟಿಸಿದಳು. ಕತ್ತರಿಸಿದ ಮೇಲೆ ಟೇಪಿನ ತುದಿಯನ್ನು ಸ್ವಲ್ಪ ಮಡಚಿ, ಹಿಡಿಯಲು ಒಂದು ಚಿಕ್ಕ ಕಿವಿಯಂತೆ ಮಾಡಿದಳು. ಪ್ರತಿಯೊಂದು ಬಾಕ್ಸಿಗೂ ಹಾಗೇ ಮಾಡುತ್ತಿದ್ದಳು. ಯಾಕೆ ಎಂದು ಬುಗುರಿ ಕೇಳಿದಳು. ಸಿಟ್ಟಿದ್ದರೂ ಕೇಳದೆ ಇರಲು ಅವಳಿಂದ ಆಗುವುದಿಲ್ಲ.

“ಸಾಮಾನು ತಗೊಳ್ಳೋಕೆ ಬರೋರ ಕೈ ನಡುಗ್ತಾ ಇರುತ್ತೆ,” ಎಂದಳು ಅಮ್ಮ. “ಟೇಪಿನ ತುದಿ ಹುಡುಕ್ತಾ ಉಗುರಲ್ಲಿ ಕೆರೀತಾ ಕೂತ್ಕೋಬಾರ್ದು. ಅಷ್ಟೇ.”

ಸಂಜೆ ಬಾಕ್ಸುಗಳೆಲ್ಲ ಟೆಂಪೋ ಶೆಡ್ಡಿನ ಹಿಂದಿನ ರೂಮು ಸೇರಿದವು. ಹೊಲಿಗೆ ಮೆಷಿನ್ನಿಗೆ ಅಮ್ಮ ಹಳೇ ಬೆಡ್‌ಶೀಟ್ ಹೊದಿಸಿದಳು. ರೂಮಿನ ಬೀಗದ ಕೈ ಮನೆಯ ಅಡುಗೆಕೋಣೆಯ ಮೊಳೆಗೆ ಬಂದು ನೇತುಬಿತ್ತು.

ದಿನಗಳು ಹೋದವು. ಕಡ್ಡಿ ಬರಲಿಲ್ಲ.

ಶಾಲೆಗೆ ಹೋಗುವಾಗ ಬುಗುರಿ ಆ ಮೆಟ್ಟಿಲು ಹತ್ತಿ ನೋಟಿಸ್ ಇದೆಯೇ ಎಂದು ನೋಡುತ್ತಿದ್ದಳು. ಇರುತ್ತಿತ್ತು. ಒಂದು ಮೂಲೆ ಕಿತ್ತು ಗಾಳಿಗೆ ಪಟಪಟ ಎನ್ನುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿ ಇಳಿದು ಬರುತ್ತಿದ್ದಳು. ಅಮ್ಮ ಆಂಟಿಯ ಫೋನಿಗೆ ಎಷ್ಟೋ ಸಲ ಪ್ರಯತ್ನಿಸಿದಳು. ಸ್ವಿಚ್ ಆಫ್. ಕಡ್ಡಿಯ ಅಪ್ಪ ಕೋರ್ಟಿನಲ್ಲಿ ಕೊಟ್ಟಿದ್ದ ಇನ್ನೊಂದು ವಿಳಾಸವಿತ್ತು, ಅಲ್ಲಿಗೂ ನೋಟಿಸ್ ಕಳಿಸಿದಳು. ಉತ್ತರವಿಲ್ಲ.

ಕ್ಲಾಸಿನಲ್ಲಿ ಪಕ್ಕದ ಜಾಗ ಖಾಲಿ. ಕಡ್ಡಿಗೆ ಉಗುರು ಕಚ್ಚುವ ಚಟ. ಟೀಚರ್ ಎಷ್ಟು ಬೈದರೂ ಕಟಕಟ ಕಚ್ಚುತ್ತಿದ್ದಳು, ಬೆರಳ ತುದಿಗಳಲ್ಲಿ ಉಗುರು ಅನ್ನುವುದೇ ಇರಲಿಲ್ಲ. ಗಣಿತದ ಪೀರಿಯಡ್‌ನಲ್ಲಿ ಆ ಸದ್ದಿನಿಂದ ಬುಗುರಿಗೆ ತಲೆ ಕೆಡುತ್ತಿತ್ತು. ಈಗ ಆ ಸದ್ದಿಲ್ಲ, ಲೆಕ್ಕ ಮಾತ್ರ ಆಗಲೂ ತಪ್ಪು, ಈಗಲೂ ತಪ್ಪು. ಆ ಕಟಕಟ ಒಂದು ಸಲ ಕೇಳಿದರೆ ಸಾಕು ಅನ್ನಿಸುತ್ತಿತ್ತು. ಬೇರೆ ಹುಡುಗಿಯರು ಆಟಕ್ಕೆ ಕರೆಯುತ್ತಿದ್ದರು, ಇವಳು ಹೋಗುತ್ತಲೂ ಇದ್ದಳು. ಆದರೆ ನಡುವೆ ಓಡುವುದು ಬಿಟ್ಟು ಗೇಟಿನ ಕಡೆ ನೋಡುತ್ತ ನಿಂತು ಔಟಾಗುತ್ತಿದ್ದಳು.

ಒಂದು ದಿನ ಊಟ ಮಾಡುವಾಗ ಟೆಂಪೋ ಮಾಮ ಹೇಳಿದ, ತಿಂಗಳು ಮುಗಿಯುತ್ತಾ ಬಂತಲ್ಲ ಅಕ್ಕ, ಆ ಮೂರನೇ ಮಹಡಿಯವರು ಬರೋ ಹಾಗೆ ಕಾಣ್ಸಲ್ಲ. ಬರದಿದ್ದರೆ ಏನು ಮಾಡುತ್ತಾರೆ ಎಂದು ಬುಗುರಿ ಕೇಳಿದಳು. ರೂಲ್ಸ್ ಪ್ರಕಾರ ಮಾರುತ್ತಾರೆ, ಮಾರಾಟವಾಗದ್ದು ಗುಜರಿಗೆ ಹೋಗುತ್ತದೆ ಎಂದ ಮಾಮ.

ಬುಗುರಿ ಕೈಯಲ್ಲಿದ್ದ ತುತ್ತನ್ನು ವಾಪಸು ತಟ್ಟೆಗೆ ಹಾಕಿದಳು.

ಮರುದಿನ ಅಮ್ಮ ಇನ್ನೊಂದು ಮನೆ ಖಾಲಿ ಮಾಡಲು ಹೋಗಿದ್ದಳು. ಬುಗುರಿ ಸ್ಟೂಲ್ ಹತ್ತಿ ಬೀಗದ ಕೈ ತೆಗೆದುಕೊಂಡಳು. ಹೇಗೂ ಗುಜರಿಗೆ ಹೋಗುವುದು, ನನ್ನ ಹತ್ತಿರವಾದರೂ ಇರಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಶೆಡ್ಡಿನ ಹಿಂದಿನ ರೂಮು ತೆರೆದು, ಬಾಕ್ಸಿನ ಟೇಪಿನ ಕಿವಿ ಹಿಡಿದು ಎಳೆದಳು. ಒಂದೇ ಎಳೆತಕ್ಕೆ ಸರ್ರನೆ ಬಂತು. ಯೂನಿಫಾರಂ ಬಿಚ್ಚಿದಾಗ ಕಡ್ಡಿಯ ಮನೆಯ ಸೋಪಿನ ವಾಸನೆ ಬಂತು. ಬುಗುರಿ ಸ್ವಲ್ಪ ಹೊತ್ತು ಅದನ್ನು ಮುಖಕ್ಕೆ ಒತ್ತಿಕೊಂಡು ನಿಂತಳು.

ಆಮೇಲೆ ಎರಡೂ ಸ್ಕೇಟು ಹಿಡಿದು ಹಾಲಿನ ಬೂತಿನ ಹಿಂದಕ್ಕೆ ಓಡಿದಳು. ಯಾರೂ ಇರಲಿಲ್ಲ. ಇಳಿಜಾರಿನ ತುದಿಯಲ್ಲಿ ಕೂತು ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಕಟ್ಟಿದಳು. ಜೀವನದಲ್ಲಿ ಮೊದಲ ಸಲ ಎರಡೂ ಕಾಲಿಗೆ. ಗೋಡೆ ಹಿಡಿದು ಎದ್ದಳು.

ಗೋಡೆ ಬಿಟ್ಟ ತಕ್ಷಣ ಎರಡು ಕಾಲೂ ಎರಡು ದಿಕ್ಕಿಗೆ ಹೊರಟವು. ಎಡಗಾಲು ಹೇಳಿದಂತೆ ಕೇಳುತ್ತಿತ್ತು, ಬಲಗಾಲಿಗೆ ಗಾಲಿಯ ಅಭ್ಯಾಸವೇ ಇಲ್ಲ. ಅವಳ ಬಲಗೈ ತಾನಾಗಿಯೇ ಪಕ್ಕಕ್ಕೆ ಚಾಚಿಕೊಂಡಿತು. ಹಿಡಿಯಲು ಅಲ್ಲಿ ಯಾರ ಕೈಯೂ ಇರಲಿಲ್ಲ. ಧೊಪ್ಪನೆ ಬಿದ್ದಳು.

ಎದ್ದು ಮತ್ತೆ ಪ್ರಯತ್ನಿಸಿದಳು. ಮತ್ತೆ ಬಿದ್ದಳು. ಮೊಣಕಾಲು ತರಚಿ ರಕ್ತ ಜಿನುಗಿತು. ನೋವು ಅಷ್ಟೇನಿರಲಿಲ್ಲ, ಆದರೆ ಬುಗುರಿ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಬೂತಿನಿಂದ ಹಾಲಿನ ತಾತ ಇಣುಕಿ, ಜೊತೆಗಾತಿ ಎಲ್ಲಮ್ಮಾ ಎಂದು ಕೇಳಿದರು. ಬುಗುರಿಯ ಅಳು ಇನ್ನೂ ಜೋರಾಯಿತು.

ಎರಡೂ ಇದ್ದರೆ ಆಟ ಬರುತ್ತದೆ ಅಂದುಕೊಂಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಸ್ಕೇಟೇ ಅಲ್ಲ.

ಅವಳು ಬಲಗಾಲಿನದನ್ನು ಬಿಚ್ಚಿ, ಮಣ್ಣು ಒರೆಸಿ, ವಾಪಸು ಬಂದು ಯೂನಿಫಾರಂನಲ್ಲಿ ಸುತ್ತಿಟ್ಟಳು. ಬಾಕ್ಸಿಗೆ ಹೊಸ ಟೇಪು ಅಂಟಿಸಿದಳು. ಬೀಗ ಹಾಕಿ, ಬೀಗದ ಕೈಯನ್ನು ಮೊಳೆಗೆ ನೇತುಹಾಕಿದಳು. ಎಲ್ಲ ಮೊದಲಿನ ಹಾಗೇ ಇದೆ ಅಂದುಕೊಂಡಳು.

ಹಾಗೇನೂ ಇರಲಿಲ್ಲ. ಮಾರನೆಯ ಸಂಜೆ ಅಮ್ಮ ಶೆಡ್ಡಿನಿಂದ ಬಂದವಳೇ ಅವಳೆದುರು ಕೂತು, ಮೊಣಕಾಲಿನ ಗಾಯವನ್ನೇ ನೋಡಿದಳು.

“ಒಂದು ಬಾಕ್ಸಿನ ಟೇಪಿಗೆ ಕಿವಿ ಇಲ್ಲ,” ಎಂದಳು.

ಬುಗುರಿ ಅಂಗೈಯಿಂದ ಗಾಯ ಮುಚ್ಚಿಕೊಂಡಳು. ಸುಳ್ಳು ಹೇಳಲು ಬಾಯಿ ತೆರೆದಳು, ಆದರೆ ಬಂದದ್ದು ಅಳು. ತೆಗೆದದ್ದು, ಬಿದ್ದದ್ದು, ವಾಪಸಿಟ್ಟದ್ದು ಎಲ್ಲವನ್ನೂ ಮೂಗು ಸೊರಗುಟ್ಟಿಸುತ್ತ ಹೇಳಿದಳು. ಬೈಗುಳ ಬೀಳುತ್ತದೆ ಎಂದು ಕಾದಳು. ಅಮ್ಮ ಬೈಯಲಿಲ್ಲ. ಬಿಸಿನೀರು ತಂದು ಗಾಯ ತೊಳೆದಳು.

“ಅವರ ಕೈಲಿ ಈಗ ಮನೆ ಇಲ್ಲ,” ಎಂದಳು ಅಮ್ಮ, ಗಾಯ ಒರೆಸುತ್ತ. “ಹೇಳ್ದೆ ಕೇಳ್ದೆ ಎಲ್ಲ ಹೋಯ್ತು. ಇಲ್ಲಿಗೆ ಬಂದು ಬಾಕ್ಸ್ ತೆಗೆದಾಗ, ಇಟ್ಟಿದ್ದು ಇಟ್ಟ ಹಾಗೇ ಇರ್ಬೇಕು. ಒಂದು ಸೂಜಿ ಹೋಗಿದ್ರೂ ಇನ್ನೊಂದ್ಸಲ ಮನೆ ಕಳ್ಕೊಂಡ ಹಾಗೆ ಆಗುತ್ತೆ ಅವರಿಗೆ.”

ಬುಗುರಿ ತಲೆ ಎತ್ತಲಿಲ್ಲ. “ಅವಳು ಬರ್ತಾಳಾ ಅಮ್ಮ?”

“ಗೊತ್ತಿಲ್ಲ ಪುಟ್ಟಿ.”

ಗಡುವು ಮುಗಿಯುವ ಹಿಂದಿನ ದಿನ, ಶೆಡ್ಡಿನ ಮುಂದೆ ಒಂದು ಆಟೋ ನಿಂತಿತು. ಬುಗುರಿ ಶಾಲೆಯಿಂದ ಬಂದು ಬ್ಯಾಗು ಇಳಿಸುತ್ತಿದ್ದಳು. ಟೆಂಪೋ ಮಾಮ ಓಡಿ ಬಂದು, ನಿಮ್ಮ ಟೈಲರ್ ಆಂಟಿ ಬಂದ್ರು ಎಂದ. ಬುಗುರಿ ಚಪ್ಪಲಿಯನ್ನೂ ಹಾಕಿಕೊಳ್ಳದೆ, ಎಡಗಾಲಿನ ಸ್ಕೇಟನ್ನು ಎದೆಗವಚಿಕೊಂಡು ಓಡಿದಳು.

ಆಟೋದಲ್ಲಿ ಬೇರೆ ಯಾರೂ ಇರಲಿಲ್ಲ. ಬುಗುರಿ ಆ ಕಡೆಯಿಂದಲೂ ಬಗ್ಗಿ ನೋಡಿದಳು.

“ಅವಳು ಬಂದಿಲ್ಲ ಪುಟ್ಟಿ,” ಎಂದರು ಆಂಟಿ. “ತುಂಬ ದೂರ ಅಲ್ವಾ. ಇಬ್ಬರಿಗೂ ಬಸ್ ಚಾರ್ಜು ಕೊಟ್ಟು ಬರೋಕೆ ಆಗ್ಲಿಲ್ಲ.”

ಆಂಟಿ ಸೊರಗಿದ್ದರು. ಈಗ ಅವರೆಲ್ಲ ಆಂಟಿಯ ಅಣ್ಣನ ಮನೆಯ ಒಂದು ರೂಮಿನಲ್ಲಿದ್ದಾರಂತೆ. ಫೋನು ಕೆಟ್ಟು ಮೂಲೆಗೆ ಬಿದ್ದಿದೆಯಂತೆ. ಅಮ್ಮ ಕಳಿಸಿದ ನೋಟಿಸ್ ಎಲ್ಲೆಲ್ಲೋ ಸುತ್ತಿ ಮೊನ್ನೆ ಕೈಗೆ ಸಿಕ್ಕಿತಂತೆ. ಅಮ್ಮ ಅವರನ್ನು ಕೂರಿಸಿ ನೀರು ಕೊಟ್ಟಳು. ಬೆಡ್‌ಶೀಟ್ ಸರಿಸಿದಾಗ ಆಂಟಿ ಹೊಲಿಗೆ ಮೆಷಿನ್ನಿನ ಚಕ್ರವನ್ನು ಒಂದು ಸುತ್ತು ತಿರುಗಿಸಿದರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಇದು ಸಿಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ ಎಂದರು.

ಫೋಟೋ ತೋರಿಸಿ ಎಲ್ಲ ಸರಿಯಿದೆಯೇ ನೋಡಿಕೊಳ್ಳಿ ಎಂದಳು ಅಮ್ಮ. ಆಂಟಿ ಮೊದಲು ತೆರೆದದ್ದು ಕಡ್ಡಿಯ ಬಾಕ್ಸು. ಅದರ ಟೇಪಿಗೆ ಕಿವಿ ಇರಲಿಲ್ಲ. ಆಂಟಿಯ ಬೆರಳು ತುದಿಗಾಗಿ ತಡಕಾಡುತ್ತ ಒಂದೆರಡು ಸಲ ಜಾರಿದವು. ಕೈ ನಡುಗುತ್ತಿತ್ತು. ಬುಗುರಿ ನೋಡಲಾರದೆ ನೆಲ ನೋಡಿದಳು.

ಕೊನೆಗೂ ಟೇಪು ಬಿಚ್ಚಿ, ಯೂನಿಫಾರಂ ಸರಿಸಿ, ಆಂಟಿ ಸ್ಕೇಟನ್ನು ಮುಟ್ಟಿ ನೋಡಿದರು.

“ಇದೆ,” ಎಂದರು, ಉಸಿರು ಬಿಟ್ಟು. “ಹೊರಡುವಾಗ ಒಂದೇ ವರಾತ ಅವಳದ್ದು. ಬೇರೆ ಏನೂ ಸಿಗದಿದ್ರೂ ಪರವಾಗಿಲ್ಲ, ಬಲಗಾಲಿಂದು ಇದೆಯಾ ನೋಡು ಅಂತ. ಅಷ್ಟು ಜನ ಮುಟ್ಟಿರ್ತಾರೆ, ಎಲ್ಲಿರುತ್ತೆ ಅಂದೆ. ಬುಗುರಿ ಅಮ್ಮ ಇದಾರಲ್ಲ, ಇರುತ್ತೆ ಅಂದ್ಲು.”

ಬುಗುರಿಯ ಕಿವಿ ಬಿಸಿಯಾಯಿತು. ಅಮ್ಮನ ಕಡೆ ನೋಡಿದಳು. ಅಮ್ಮ ಫೋನಿನಲ್ಲಿ ಮುಂದಿನ ಫೋಟೋ ತೆರೆದಳು.

ಒಂದು ಸ್ಕೇಟು ಇಟ್ಟುಕೊಂಡು ಕಡ್ಡಿ ಅಲ್ಲಿ ಏನು ಮಾಡುತ್ತಾಳೆ? ಅವಳಿಗೂ ಹಿಡಿಯಲು ಕೈಯಿಲ್ಲ. ಎರಡೂ ಇದ್ದರೆ ಬಿದ್ದು ಎದ್ದಾದರೂ ಕಲಿತಾಳು. ಬುಗುರಿ ಎದೆಗವಚಿಕೊಂಡಿದ್ದನ್ನು ಮುಂದೆ ಚಾಚಿದಳು. “ಆಂಟಿ, ಇದನ್ನೂ ಅವಳಿಗೆ ಕೊಡಿ.”

ಆಂಟಿ ಕೈ ಹಿಂದಕ್ಕೆ ಎಳೆದುಕೊಂಡರು. ಸೊರಗಿದ ಮುಖದಲ್ಲಿ ಆಗ ಮೊದಲ ಸಲ ನಗು ಕಾಣಿಸಿತು.

“ಅದಕ್ಕೂ ಹೇಳಿ ಕಳ್ಸಿದಾಳೆ. ಬುಗುರಿ ಎಡಗಾಲಿಂದು ಕೊಡೋಕೆ ಬಂದ್ರೆ ತರಲೇಬೇಡ ಅಂತ. ಅದು ಅಲ್ಲೇ ಇರ್ಬೇಕಂತೆ.”

ಬುಗುರಿ ಸ್ಕೇಟನ್ನು ಮತ್ತೆ ಎದೆಗವಚಿಕೊಂಡಳು. ಗಾಲಿಯೊಂದು ಅಂಗಿಯ ಗುಂಡಿಗೆ ತಾಗಿ ಮೆಲ್ಲಗೆ ತಿರುಗಿತು. ಕಡ್ಡಿ ಹೇಳದೆ ಹೋದಳೆಂಬ ಸಿಟ್ಟು ಇಷ್ಟು ದಿನ ಎಲ್ಲೋ ಒಳಗೆ ಕೂತಿತ್ತು. ಈಗ ಹುಡುಕಿದರೂ ಸಿಗಲಿಲ್ಲ.

ಹೊರಗೆ ಟೆಂಪೋ ಮಾಮ, ಆಟೋ ಬೇಡ ಅಕ್ಕ, ಬಸ್ ಸ್ಟ್ಯಾಂಡಿನ ತನಕ ನಾನೇ ಬಿಟ್ಟು ಲಗೇಜಿಗೆ ಹಾಕಿಸಿ ಬರ್ತೀನಿ ಎನ್ನುತ್ತಿದ್ದ. ಆಂಟಿ ಮತ್ತು ಮಾಮ ಹೊಲಿಗೆ ಮೆಷಿನ್ನನ್ನು ಆ ಕಡೆ ಈ ಕಡೆ ಹಿಡಿದು ಎತ್ತಿದರು. ಕಡ್ಡಿಯ ಬಾಕ್ಸು ಬಾಯಿ ತೆರೆದುಕೊಂಡು ನೆಲದ ಮೇಲೇ ಇತ್ತು. ಅಮ್ಮ ಟೇಪಿನ ಸುರುಳಿಯನ್ನೂ ಕತ್ತರಿಯನ್ನೂ ಬುಗುರಿಯ ಕೈಗೆ ಕೊಟ್ಟು, ಮೆಷಿನ್ ಎತ್ತಲು ಕೈ ಜೋಡಿಸಲು ಹೋದಳು.

ಬುಗುರಿ ತನ್ನ ಸ್ಕೇಟನ್ನು ಪಕ್ಕಕ್ಕಿಟ್ಟು, ಬಲಗಾಲಿನದನ್ನು ಯೂನಿಫಾರಂನಲ್ಲಿ ಬೆಚ್ಚಗೆ ಸುತ್ತಿದಳು. ತಿರುಗಿಕೊಂಡಿದ್ದ ತೋಳನ್ನು ಸರಿ ಮಾಡಿದಳು. ಬಾಕ್ಸ್ ಮುಚ್ಚಿ, ಟೇಪು ಎಳೆದು, ಅಂಗೈಯಿಂದ ಉಜ್ಜಿ ಉಜ್ಜಿ ಅಂಟಿಸಿದಳು. ಕತ್ತರಿಸಿದ ಮೇಲೆ ತುದಿಯನ್ನು ಮಡಚಿದಳು. ಅಮ್ಮ ಮಾಡುವಷ್ಟು ಚಿಕ್ಕ ಕಿವಿ ಸಾಲದು ಅನ್ನಿಸಿತು. ಬಿಚ್ಚಿ, ಇನ್ನೂ ಅಗಲಕ್ಕೆ, ಇಡೀ ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡದಾಗಿ ಮಡಚಿದಳು.

ಕಡ್ಡಿಗೆ ಉಗುರೇ ಇಲ್ಲವಲ್ಲ.